ಕಾಜಾ ಅಜ್ಜಿಯ ಕಿವಿಯಲ್ಲಿ ಉಳಿದ ದನಿ

ಬೀದಿಯವರಿಗೆಲ್ಲ ಅವಳು ಕಾಜಾ ಅಜ್ಜಿ. ಅಂಗಿಗೋ ಕೋಟಿಗೋ ಗುಂಡಿ ತೂರಿಸಲು ಕಂಡಿ ಕತ್ತರಿಸುತ್ತಾರಲ್ಲ, ಆ ಕಂಡಿಯ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ದಾರದ ಗಂಟು ಕೂರಿಸುತ್ತ ಹೊಲಿಯುವುದೇ ಕಾಜಾ. ಗಂಡ ತೀರಿಕೊಂಡಾಗಿನಿಂದ ಅವಳು ನೆಚ್ಚಿಕೊಂಡಿದ್ದು ಆ ಕೆಲಸವನ್ನು. ಮೂಲೆಯಂಗಡಿಯ ಟೈಲರ್ ಮಾಸ್ಟರ್ ಹೊಲಿದಿಟ್ಟ ಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ತರುವಳು. ಕಿಟಕಿಯ ಪಕ್ಕದ ಮೋಟು ಕುರ್ಚಿಯಲ್ಲಿ ಕೂತು, ದಾರಕ್ಕೆ ಮೇಣ ಸವರಿ, ಕಾಜಾ ಮಾಡಿ, ಗುಂಡಿ ಹಚ್ಚಿ, ಅಂಚು ಮಡಚಿ ಹೆಮ್ಮಿಂಗ್ ಮುಗಿಸಿ, ಸಂಜೆಗೆ ಮತ್ತೆ ಚೀಲ ಹೊತ್ತು ಅಂಗಡಿಗೆ ಮುಟ್ಟಿಸಿ ಬರುವಳು. ಕಿಟಕಿಯ ಕಟ್ಟೆಯ ಮೇಲೊಂದು ರೇಡಿಯೋ ಇತ್ತು. ಅದು ಹಾಡುತ್ತಿದ್ದರೆ ಸೂಜಿ ತಾನಾಗಿ ಓಡುತ್ತಿತ್ತು. ವಾರ್ತೆ ಶುರುವಾದರೆ ಅವಳಿಗೆ ಬೆನ್ನುನೋವು ನೆನಪಾಗುತ್ತಿತ್ತು.

ಹಾಡೆಂದರೆ ಅವಳಿಗೆ ಪ್ರಾಣ. ಹಾಡಲು ಮಾತ್ರ ಬರುತ್ತಿರಲಿಲ್ಲ. ಬಾಯಿ ತೆರೆದಳೆಂದರೆ ಸ್ವರ ಮೆಟ್ಟಿಲು ತಪ್ಪಿ ಎಲ್ಲೋ ಹೋಗಿ ಬೀಳುತ್ತಿತ್ತು. ಬಸ್ ಕಂಡಕ್ಟರ್ ಆಗಿದ್ದ ಅವಳ ಮಗಳು, "ಅಮ್ಮಾ, ನೀನು ನನ್ನ ಬಸ್ಸಲ್ಲಿ ಹಾಡಿದ್ರೆ ಜನ ಸ್ಟಾಪ್ ಬರೋಕ್ಕಿಂತ ಮುಂಚೆನೇ ಇಳ್ಕೊಂಡುಬಿಡ್ತಾರೆ" ಎಂದು ಕಿಚಾಯಿಸುತ್ತಿದ್ದಳು. ಅಜ್ಜಿಯೂ ನಗುತ್ತಿದ್ದಳು. ಆದರೆ ಕಿವಿ ಕೆಟ್ಟಿದ್ದರೆ ಆ ನಗು ಅವಳಿಗೆ ಸಲೀಸಾಗುತ್ತಿತ್ತು. ಕಿವಿ ಕೆಟ್ಟಿರಲಿಲ್ಲ. ರೇಡಿಯೋದಲ್ಲಿ ಹಾಡುವವರು ಎಲ್ಲಿ ಕೂದಲೆಳೆಯಷ್ಟು ಜಾರಿದರು ಎಂಬುದು ಅವಳಿಗೆ ತಿಳಿಯುತ್ತಿತ್ತು. ತಾನು ಹಾಡಿದರೆ ಅದು ಹೇಗೆ ಕೇಳುತ್ತದೆ ಎಂಬುದೂ ತಿಳಿಯುತ್ತಿತ್ತು. ಆದ್ದರಿಂದ ಅವಳು ಹಾಡುತ್ತಿರಲಿಲ್ಲ. ಸೂಜಿಯ ಜೊತೆ ತುಟಿ ಆಡಿಸುತ್ತಿದ್ದಳು, ಅಷ್ಟೆ.

ಮೊಮ್ಮಗಳು ಹುಟ್ಟಿದ್ದು ಆ ಮನೆಯಲ್ಲೇ. ಹುಟ್ಟುವಾಗ ಎಷ್ಟು ಸಣಕಲಾಗಿತ್ತೆಂದರೆ ನೋಡಿದವರೆಲ್ಲ ಕಡ್ಡಿ ಎಂದರು, ಆ ಹೆಸರೇ ಅಂಟಿಕೊಂಡಿತು. ಅಳಿಯ ಹಡಗಿನ ಕೆಲಸಕ್ಕೆಂದು ಹೋದವನು ಯಾವುದೋ ಬಂದರಿನಲ್ಲಿ ಬೇರೆ ಸಂಸಾರ ಹೂಡಿಕೊಂಡು ಇತ್ತ ತಲೆ ಹಾಕಲಿಲ್ಲ. ಮಗಳು ಬೆಳಗಿನ ಪಾಳಿಗೋ ಸಂಜೆಯ ಪಾಳಿಗೋ ಬಸ್ ಡಿಪೋಗೆ ಓಡಬೇಕು. ಹೀಗಾಗಿ ಕಡ್ಡಿ ಬೆಳೆದದ್ದು ಅಜ್ಜಿಯ ತೊಡೆಯ ಮೇಲೆ, ಯಾರ್ಯಾರದೋ ಕೋಟು ಅಂಗಿಗಳ ನಡುವೆ.

ಆ ಮಗು ಇನ್ನೂ ಶಾಲೆಯ ಮುಖ ನೋಡಿರಲಿಲ್ಲ. ಒಂದು ಮಧ್ಯಾಹ್ನ ಜ್ವರ ಬಂದು ಚಂಡಿ ಹಿಡಿದಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲವಲ್ಲ ಎಂಬ ಧೈರ್ಯದಲ್ಲಿ ಅಜ್ಜಿ ಮೆಲ್ಲಗೆ ಒಂದು ಹಾಡು ಹೇಳಿದಳು. ಬಟ್ಟೆ ಒಗೆದು ಹರವುತ್ತಿದ್ದ ಹುಡುಗಿಯೊಬ್ಬಳ ಅಂಗಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಅವಳು 'ಗಾಳಿಯೇ ಕೊಡು' ಎಂದು ಬೇಡುತ್ತ ಬಯಲೆಲ್ಲ ಓಡುತ್ತಾಳೆ. ರೇಡಿಯೋದಲ್ಲಿ ಆಗಾಗ ಬರುತ್ತಿದ್ದ ಹಳೆಯ ಹಾಡು ಅದು. 'ಕೊಡು' ಎಂಬಲ್ಲಿ ದನಿ ಮೇಲೇರಿ, ಅಲ್ಲಿ ತುಸು ನಿಂತು, ಆಮೇಲೆ ನಿಧಾನವಾಗಿ ಇಳಿಯಬೇಕು. ಅಜ್ಜಿಯದು ಏರುವಾಗಲೇ ಮುಗ್ಗರಿಸಿತು.

ಮಗು ಅಳು ನಿಲ್ಲಿಸಿ ಅವಳ ಮುಖವನ್ನೇ ನೋಡಿತು. "ಹಾಗಲ್ಲ ಅಜ್ಜಿ" ಎಂದಿತು. ಆಮೇಲೆ ತಾನೇ ಹಾಡಿ ತೋರಿಸಿತು. ಮಾತೆಲ್ಲ ತೊದಲು. ಸ್ವರ ಮಾತ್ರ ಮೊಳೆ ಹೊಡೆದ ಹಾಗೆ ಇದ್ದಲ್ಲೇ ಇತ್ತು.

ಮಗುವಿನ ಹಣೆಗೆಂದು ಅಜ್ಜಿ ಹಿಂಡಿದ್ದ ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ತನ್ನೊಳಗೆ ಇಷ್ಟು ವರ್ಷ ಸರಿಯಾಗಿಯೇ ಇದ್ದು ಹೊರಗೆ ಬರಲಾರದೆ ಹೋದದ್ದು ಈ ಪುಟ್ಟ ಬಾಯಿಂದ ಬರುತ್ತಿದೆ ಎನಿಸಿ ಅವಳಿಗೆ ಕಣ್ಣು ತುಂಬಿತು. ಸಂಜೆ ಮಗಳು ಬಂದಾಗ, "ಜ್ವರ ಹೇಗಿದೆ?" ಎಂದರೆ, "ಹಾಡ್ತಾಳೆ ಕಣೇ" ಎಂದು ಉತ್ತರ ಕೊಟ್ಟಳು.

ಅಲ್ಲಿಂದ ಮುಂದೆ ಅವರಿಬ್ಬರದೇ ಒಂದು ಲೋಕ. ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಹಾಡು ಕಲಿಸುವ ಮೇಡಂ ಒಬ್ಬರಿದ್ದರು. ಅಜ್ಜಿ ಮೊಮ್ಮಗಳ ಕೈ ಹಿಡಿದು ಅಲ್ಲಿಗೆ ಕರೆದೊಯ್ದಳು. ಪಾಠ ನಡೆಯುವಷ್ಟು ಹೊತ್ತೂ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಕಾಜಾ ಮಾಡುವಳು. ಮೇಡಂ ಒಳಗೆ ಕರೆದರೆ, "ಇಲ್ಲೇ ಬೆಳಕು ಚೆನ್ನಾಗಿದೆ" ಎನ್ನುವಳು. ಆ ಮೆಟ್ಟಿಲ ಮೇಲೆ ಬೆಳಕು ಅಷ್ಟಕ್ಕಷ್ಟೇ. ಒಳಗೆ ಹೋದರೆ ಎಲ್ಲಿ ತನ್ನನ್ನೂ ಹಾಡು ಎನ್ನುತ್ತಾರೋ ಎಂಬ ಭಯ ಅವಳಿಗೆ. ಮನೆಗೆ ನಡೆಯುವ ದಾರಿಯಲ್ಲಿ ಅಂದಿನ ಪಾಠವೆಲ್ಲ ಇಬ್ಬರ ಬಾಯಲ್ಲಿ ಇನ್ನೊಮ್ಮೆ ಆಗುವುದು.

"ಎರಡನೇ ಸಾಲಲ್ಲಿ ಅವಸರ ಮಾಡಿದೆ."

"ಮೇಡಂ ಏನೂ ಅನ್ನಲಿಲ್ಲ."

"ಮೇಡಂ ಪಾಪ, ಹತ್ತು ಮಕ್ಕಳನ್ನ ನೋಡ್ಕೋಬೇಕು. ನನಗೆ ಇರೋಳು ನೀನೊಬ್ಬಳೇ."

ಕಡ್ಡಿ ಮುಖ ಊದಿಸಿಕೊಂಡು ನಾಲ್ಕು ಹೆಜ್ಜೆ ಮುಂದೆ ನಡೆಯುವಳು. ಆಮೇಲೆ ಬೀದಿಯ ತಿರುವಿನಲ್ಲಿ ಆ ಸಾಲನ್ನು ಸರಿಯಾಗಿ ಹಾಡುವಳು. ಹಿಂದಿನಿಂದ ಅಜ್ಜಿ, "ಹ್ಞಾಂ" ಎನ್ನುವಳು. ಆ 'ಹ್ಞಾಂ' ಸುಲಭಕ್ಕೆ ಸಿಗುವಂಥದ್ದಲ್ಲ. ಮುಂದೆ ಕಡ್ಡಿ ದೊಡ್ಡವಳಾಗಿ, ಸಭಾಂಗಣಗಳಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದಾಗಲೂ ಮೊದಲು ನೋಡುತ್ತಿದ್ದದ್ದು ಹಿಂದಿನ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಮುದುಕಿಯ ಮುಖವನ್ನು.

ಊರಿನ ರೇಡಿಯೋ ಕೇಂದ್ರದವರು ಎರಡು ಸಲ ಕರೆದರು. ಅವರಲ್ಲಿ ಟೇಪು ಮುಗಿದರೆ ಹಳೆಯದರ ಮೇಲೇ ಹೊಸದನ್ನು ತುಂಬುವ ರೂಢಿ, ಹಾಗಾಗಿ ಕಡ್ಡಿ ಹಾಡಿದ್ದು ಗಾಳಿಯಲ್ಲಿ ಹೋಗಿ ಗಾಳಿಯಲ್ಲೇ ಮುಗಿಯಿತು. ಮಗಳು ಎಲ್ಲಿಂದಲೋ ಟೇಪ್ ರೆಕಾರ್ಡರ್ ಎರವಲು ತಂದು ಮನೆಯಲ್ಲೇ ಒಂದು ಕ್ಯಾಸೆಟ್ ತುಂಬಿಸಿದ್ದಳು. ಹಾಡಿನ ಹಿಂದೆ ಪಕ್ಕದ ಮನೆಯ ನಲ್ಲಿಯ ಸದ್ದು, ನಡುವೆ ಒಮ್ಮೆ ಅಜ್ಜಿಯ ಕೆಮ್ಮು. ಇದ್ದದ್ದು ಅದೊಂದೇ.

ಕಡ್ಡಿಗೆ ಆಗ ಕಾಲೇಜಿನ ಕೊನೆಯ ವರ್ಷ. ದೊಡ್ಡ ಸಭಾಂಗಣದಲ್ಲಿ ಹಾಡಲು ಕರೆ ಬಂದಿತ್ತು. ಮಾಸ್ಟರ್ ತಾವಾಗಿ ಮುಂದೆ ಬಂದು, "ನಮ್ಮ ಹುಡುಗಿಗೆ ಕತ್ತಿನ ಪಟ್ಟಿ ಇರೋ ಕೋಟು ನಾನೇ ಹೊಲೀತೀನಿ, ಅಳತೆ ತಂದ್ಕೊಡಿ ಅಜ್ಜಿ" ಎಂದರು. ಅಜ್ಜಿ ಮನೆಯಲ್ಲಿ ಮೊಮ್ಮಗಳ ಕತ್ತಿಗೆ ಇಂಚ್ ಟೇಪ್ ಸುತ್ತಿದಳು. ಹೋದ ಸಲಕ್ಕಿಂತ ಜಾಸ್ತಿ ಬಂತು. ಸರಿಯಾಗಿ ಹಿಡಿಯಲಿಲ್ಲವೇನೋ ಎಂದು ಇನ್ನೊಮ್ಮೆ ಸುತ್ತಿದಳು. ಮೈಯೆಲ್ಲ ಅದೇ ಕಡ್ಡಿ, ಕತ್ತು ಮಾತ್ರ ಯಾಕೆ ದಪ್ಪವಾಗಬೇಕು?

"ನುಂಗು ನೋಡೋಣ" ಎಂದಳು.

ಕಡ್ಡಿ ಉಗುಳು ನುಂಗಿದಳು. ಅಜ್ಜಿಯ ಬೆರಳ ಕೆಳಗೆ ಒಂದು ಗಂಟು ಮೇಲೆ ಹೋಗಿ ಕೆಳಗೆ ಬಂತು.

ಆಸ್ಪತ್ರೆಯ ಡಾಕ್ಟರ್ ಚಿತ್ರ ತೆಗೆಸಿ ನೋಡಿದರು. ಗಂಟು ಒಳಮುಖವಾಗಿ ಬೆಳೆಯುತ್ತಿದೆ, ಬಿಟ್ಟರೆ ಉಸಿರಿನ ದಾರಿಗೇ ಅಡ್ಡ ಬರುತ್ತದೆ, ತೆಗೆಯಲೇಬೇಕು ಎಂದರು. ಹುಡುಗಿ ಹಾಡುತ್ತಾಳೆ ಎಂದು ತಿಳಿದಾಗ ಪೆನ್ನು ಕೆಳಗಿಟ್ಟು ಬಿಡಿಸಿ ಹೇಳಿದರು. "ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತೆ. ಜೋಪಾನವಾಗಿ ಮಾಡ್ತೀವಿ. ಆದರೂ ಒಮ್ಮೊಮ್ಮೆ ಆ ನರಕ್ಕೆ ಪೆಟ್ಟಾಗುತ್ತೆ. ಇದನ್ನ ನಾನು ಮುಚ್ಚಿಡೋಕಾಗಲ್ಲ."

ಕಡ್ಡಿ ಸಭಾಂಗಣದ ಕಾರ್ಯಕ್ರಮ ಮುಗಿಯಲಿ ಎಂದಳು. ಆಮೇಲೆ ಪರೀಕ್ಷೆ ಮುಗಿಯಲಿ ಎಂದಳು. ಮಗಳು ಅತ್ತ ಹೇಳಲೂ ಆರದೆ ಇತ್ತ ಬಿಡಲೂ ಆರದೆ ತೊಳಲಾಡಿದಳು. ಅಷ್ಟರಲ್ಲಿ ಕಡ್ಡಿಗೆ ಮಲಗಿದರೆ ಉಸಿರು ಸುಯ್ಯೆನ್ನಲು ಶುರುವಾಗಿತ್ತು. ಅಜ್ಜಿ ಪಕ್ಕದಲ್ಲಿ ಮಲಗಿ ಅದನ್ನು ಕೇಳುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಅವಳೇ ಗಟ್ಟಿಯಾಗಿ ಹೇಳಿದಳು. "ಹಾಡು ಎಲ್ಲಿಗೆ ಹೋಗುತ್ತೆ? ಮೊದಲು ಜೀವ ಉಳೀಲಿ. ನಡಿ, ದಿನ ಗೊತ್ತು ಮಾಡಿಸ್ಕೊಂಡು ಬರೋಣ."

ಕಡ್ಡಿ ಅಜ್ಜಿಯ ಮಾತು ತೆಗೆದುಹಾಕಿದವಳಲ್ಲ. ಹೋದಳು.

ಗಂಟು ಹೊರಬಂತು. ಕ್ಯಾನ್ಸರ್ ಗಂಟು ಅಲ್ಲ ಎಂದರು, ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಕಡ್ಡಿ ಕಣ್ಣು ತೆರೆದು ಅಜ್ಜಿಯನ್ನು ನೋಡಿ ಏನೋ ಹೇಳಲು ಬಾಯಿ ಬಿಟ್ಟಳು. ಬರಿಯ ಗಾಳಿ ಬಂತು. ಊತ ಇಳಿಯಲಿ ಎಂದರು. ಊತ ಇಳಿಯಿತು. ಆರು ತಿಂಗಳು ನೋಡೋಣ, ನರ ತಾನಾಗಿ ಚೇತರಿಸಿಕೊಳ್ಳುವುದುಂಟು ಎಂದರು. ದಿನವೂ ಕನ್ನಡಿಯ ಮುಂದೆ ನಿಂತು ಆ, ಈ, ಊ ಎಂದು ಸಾಧನೆ ಮಾಡಿಸಿದರು. ಮಾತು ಮರಳಿತು. ಒಡಕು ಮಾತು, ಮಧ್ಯಾಹ್ನದ ಹೊತ್ತಿಗೆ ದಣಿದು ಪಿಸುಗುಟ್ಟುವ ಮಾತು. ಹಾಡು ಮರಳಲಿಲ್ಲ.

ಒಂದು ದಿನ ಹಾಡಿನ ಮೇಡಂ ಮನೆಗೇ ಬಂದರು. ಬಾಗಿಲು ಹಾಕಿಕೊಂಡು ಕಡ್ಡಿಯನ್ನು ಮುಂದೆ ಕೂರಿಸಿಕೊಂಡರು. ಅಜ್ಜಿ ಅಡಿಗೆಮನೆಯಲ್ಲಿ ಚಹಾದ ನೀರು ಕುದಿಯುತ್ತಿದ್ದರೂ ಒಲೆ ಆರಿಸಿ ಕಿವಿಗೊಟ್ಟು ನಿಂತಳು. ಮೇಡಂ ಒಂದು ಸ್ವರ ಹಿಡಿದರು. ಅದರ ಹಿಂದೆ ಕಡ್ಡಿಯದು ಎರಡಾಗಿ ಸೀಳಿಕೊಂಡು ಬಂತು. ಮೇಡಂ ಸ್ವರ ಇಳಿಸಿದರು. ಮತ್ತೆ ಇಳಿಸಿದರು. ಆಮೇಲೆ ಅಜ್ಜಿ ಮತ್ತೆ ಒಲೆ ಹಚ್ಚಿದಳು. ಅವರು ಹೊರಗೆ ಬಂದಾಗ ಅಜ್ಜಿ ಚಹಾ ಹಿಡಿದು ನಿಂತಿದ್ದಳು. ಮೇಡಂ ಅವಳ ಮೊಣಕೈ ಮುಟ್ಟಿ, ಚಹಾ ಕುಡಿಯದೆ ಹೊರಟುಹೋದರು.

ಮರುದಿನ ಕಿಟಕಿಯ ಕಟ್ಟೆಯ ಮೇಲೆ ರೇಡಿಯೋ ಹಾಡುತ್ತಿತ್ತು. ಕಡ್ಡಿ ಎದ್ದು ಬಂದು, ಸಿಟ್ಟಿಲ್ಲದೆ ಸೆಡವಿಲ್ಲದೆ ಅದನ್ನು ಆರಿಸಿ, ತಂತಿ ಸುತ್ತಿ, ಕಪಾಟಿನಲ್ಲಿ ಹಳೆಯ ಕಂಬಳಿಗಳ ಹಿಂದೆ ಇಟ್ಟಳು. ಅಜ್ಜಿ ಸೂಜಿಯಿಂದ ತಲೆ ಎತ್ತಲಿಲ್ಲ. ಆ ವಾರವೇ ಒಂದು ಸಂಜೆ ಕಡ್ಡಿ ಕ್ಯಾಸೆಟ್ ತೆಗೆದುಕೊಂಡು ನೆಲದ ಮೇಲೆ ಕೂತಳು. ಪೆನ್ಸಿಲ್ಲಿನ ತುದಿಯಿಂದ ಟೇಪನ್ನು ಮೀಟಿ, ಎಳೆಎಳೆಯಾಗಿ ಹೊರಕ್ಕೆಳೆದಳು. ಕಂದು ಬಣ್ಣದ ರಾಶಿ ಅವಳ ಮಡಿಲು ತುಂಬಿ ನೆಲಕ್ಕೆ ಬಿತ್ತು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೂಗಬೇಕೆನಿಸಿತು, ಹೋಗಿ ಕೈ ಹಿಡಿಯಬೇಕೆನಿಸಿತು. ಅವಳ ದನಿ, ಅವಳ ಇಷ್ಟ ಎಂದು ಹಲ್ಲು ಕಚ್ಚಿಕೊಂಡು ನಿಂತಳು. ಕಡ್ಡಿ ಅದನ್ನೆಲ್ಲ ಕಾಗದದಲ್ಲಿ ಸುತ್ತಿ ಕೆಳಗೆ ಬೀದಿಯ ಕಸದ ಡಬ್ಬಿಗೆ ಹಾಕಿದಳು.

ಅಜ್ಜಿಯ ಮನಸ್ಸು ಬೆಳಗಾಗುವಷ್ಟರಲ್ಲಿ ತಿರುಗಿತ್ತು. ಎದ್ದವಳೇ ಚಪ್ಪಲಿ ಮೆಟ್ಟದೆ ಕೆಳಗಿಳಿದು ಹೋದಳು. ಡಬ್ಬಿ ಖಾಲಿ. ಕಸದ ಗಾಡಿ ಬೀದಿಯ ಆಚೆ ತುದಿಯಲ್ಲಿ ತಿರುಗುತ್ತಿತ್ತು. ಕೂಗಿದಳು, ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಆ ಮನೆಯಲ್ಲಿ ಹಾಡಿನ ಸುದ್ದಿ ಇಲ್ಲ. ಪಕ್ಕದ ಮನೆಯವರು ಹಾಡು ಹಾಕಿದರೆ ಅಜ್ಜಿ ಎದ್ದು ಕಿಟಕಿ ಮುಚ್ಚುವಳು. ಮಗಳು ಮೈಮರೆತು ಏನಾದರೂ ಗುನುಗಿದರೆ ಕಣ್ಣಲ್ಲೇ ಗದರುವಳು. ಕಡ್ಡಿ ಕಾಲೇಜು ಮುಗಿಸಿ ಕನ್ನಡಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಗಾಜನ್ನು ಉಜ್ಜಿ ಅಳತೆಗೆ ತರುವ ಕೆಲಸ. ಅಲ್ಲಿ ಯಾರೂ ಯಾರೊಡನೆಯೂ ಮಾತಾಡಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವಳು, ಊಟ ಮಾಡಿ ಮಲಗುವಳು. ಅಜ್ಜಿಯೊಡನೆ ಜಗಳವಿಲ್ಲ, ಕೊಂಕಿಲ್ಲ. ಹಾಗೆ ಏನಾದರೂ ಇದ್ದಿದ್ದರೇ ಅಜ್ಜಿಗೆ ವಾಸಿ ಎನಿಸುತ್ತಿತ್ತು. 'ಹಾಡು ಎಲ್ಲಿಗೆ ಹೋಗುತ್ತೆ' ಎಂದು ಅಂದವಳು ತಾನು. ಇಂಚ್ ಟೇಪ್ ಸುತ್ತಿ ಗಂಟನ್ನು ಮೊದಲು ಕಂಡದ್ದೂ ತಾನೇ. ಹಾಗಂತ ಕಾಣದೆ ಹೋಗಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ದಿನಕ್ಕೆ ಹತ್ತು ಸಲ ಒಳಗೊಳಗೇ ತಿರುವಿ ಹಾಕುತ್ತಿದ್ದಳು.

ಹಾಡಿಲ್ಲದೆ ಮನೆಯಲ್ಲಿ ಸೂಜಿ ಸಾಗಲೊಲ್ಲದು. ಒಂದು ದಿನ ಅವಳು ಅಂಗಡಿಗೆ ಹೋಗಿ, "ಮಾಸ್ಟ್ರೇ, ಇನ್ನು ಮೇಲೆ ಇಲ್ಲೇ ಕೂತು ಮಾಡ್ತೀನಿ, ಮನೇಲಿ ಕತ್ತಲು" ಎಂದಳು. ಮಾಸ್ಟರ್‌ಗೆ ಆ ಮನೆಯ ಬೆಳಕು ಗೊತ್ತು, ಕತ್ತಲೂ ಗೊತ್ತು. ಏನೂ ಕೇಳದೆ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿಕೊಟ್ಟರು. ಅವರ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ರೇಡಿಯೋ ನಡೆಯುತ್ತಿತ್ತು. ಅಜ್ಜಿ ಅಲ್ಲಿ ಕೂತು ತುಟಿ ಆಡಿಸುತ್ತ ಕೆಲಸ ಮಾಡುವಳು. ಮನೆಗೆ ಹೊರಡುವ ಮುಂಚೆ, ಮೈಗೆ ಏನೋ ವಾಸನೆ ಅಂಟಿದೆಯೋ ಎಂಬಂತೆ ತುಸು ಹೊತ್ತು ಬೀದಿಯಲ್ಲಿ ಅಡ್ಡಾಡಿ, ಆಮೇಲೆ ಮೆಟ್ಟಿಲು ಹತ್ತುವಳು.

ವರ್ಷಗಳು ಉರುಳಿದವು. ಅಜ್ಜಿಯ ಕಣ್ಣಿಗೆ ಪೊರೆ ಬಂತು. ಕಡ್ಡಿ ತನ್ನ ಅಂಗಡಿಯಿಂದಲೇ ದಪ್ಪ ಗಾಜಿನ ಕನ್ನಡಕ ಮಾಡಿಸಿಕೊಟ್ಟಳು. ಆಪರೇಷನ್ ಮಾಡಿಸೋಣ ಎಂದರೆ ಅಜ್ಜಿ, "ಈ ಮನೆಗೆ ಇನ್ನು ಕತ್ತಿ ಬೇಡ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. ಮಾಸ್ಟರ್ ಕಾಜಾ ಮಾಡುವ ಮಿಷನ್ ತಂದರು. ಪೆಡಲ್ ಒತ್ತಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಕಾಜಾ. ಅಜ್ಜಿ ಅದನ್ನು ಮುಟ್ಟಿ ನೋಡಿ, "ಚೆನ್ನಾಗಿದೆ ಮಾಸ್ಟ್ರೇ" ಎಂದಳು. ಮರುದಿನ ಎಂದಿನಂತೆ ಬಂದು ಸ್ಟೂಲಿನ ಮೇಲೆ ಕೂತಳು. ಮಾಸ್ಟರ್ ಅವಳಿಗೆ ಕತ್ತರಿಸಿ ಉಳಿದ ತುಂಡುಬಟ್ಟೆ ಕೊಡಲು ಶುರುಮಾಡಿದರು. ಅವಳು ಅದರ ಮೇಲೆ ಕಾಜಾ ಮಾಡುವಳು. ಯಾವ ಗುಂಡಿಗೂ ಅಲ್ಲದ ಕಾಜಾಗಳು. ಅದು ಚಿಂದಿಯೆಂದು ಅವಳಿಗೂ ಗೊತ್ತು, ಅವಳಿಗೆ ಗೊತ್ತೆಂದು ಮಾಸ್ಟರ್‌ಗೂ ಗೊತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ಒಂದು ದಿನ ಅಜ್ಜಿ ಕನ್ನಡಕವನ್ನು ಮನೆಯಲ್ಲೇ ಮರೆತು ಹೋದಳು. ಕಡ್ಡಿಗೆ ಅಂದು ರಜೆ. ತೆಗೆದುಕೊಂಡು ಅಂಗಡಿಗೆ ಬಂದಳು. ಅವಳು ಬಂದದ್ದು ಅಜ್ಜಿಗೆ ಕಾಣಲಿಲ್ಲ. ಬಾಗಿಲಲ್ಲಿ ಯಾರೋ ನಿಂತ ಹಾಗೆ ಬೆಳಕು ಕಡಿಮೆಯಾಯಿತು, ಗಿರಾಕಿ ಇರಬೇಕೆಂದುಕೊಂಡಳು. ರೇಡಿಯೋದಲ್ಲಿ ಯಾರೋ ಹುಡುಗಿ ಹಾಡುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ, ತಲೆ ತೂಗುತ್ತ, ತುಟಿಯಲ್ಲಿ ಅವಳ ಜೊತೆ ಹೋಗುತ್ತಿದ್ದಳು. ಕೈ ತನ್ನಷ್ಟಕ್ಕೆ ಚಿಂದಿಯ ಮೇಲೆ ಗಂಟು ಹಾಕುತ್ತಿತ್ತು. ಹಾಡು ಮುಗಿದಾಗ ಪಕ್ಕದಿಂದ ಒಡಕು ದನಿ ಕೇಳಿತು.

"ಇದು ಯಾರ ಬಟ್ಟೆ ಅಜ್ಜಿ?"

ಅಜ್ಜಿಯ ಸೂಜಿ ನಡುವೆಯೇ ನಿಂತಿತು. ಮಾಸ್ಟರ್ ಎದ್ದು ರೇಡಿಯೋ ಆರಿಸಿದರು. ಸುಳ್ಳು ಹೇಳಲು ಅವರಿಗೂ ಮನಸ್ಸು ಬರಲಿಲ್ಲ. "ಕೆಲಸ ಇಲ್ಲ ಮಗಳೇ. ಮಿಷನ್ ಬಂದ ಮೇಲೆ ಇಲ್ಲ. ಹಾಡು ಕೇಳೋಕೆ ಬರ್ತಾರೆ" ಎಂದರು.

ಕಡ್ಡಿ ಆ ತುಂಡುಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಸಾಲು ಸಾಲು ಕಂಡಿಗಳು, ಕಣ್ಣು ಕಾಣದ ಕೈ ಹಾಕಿದ ವಕ್ರ ಗಂಟುಗಳು. ಅದನ್ನು ಮಡಚಿ ಚೀಲಕ್ಕೆ ಹಾಕಿ, ಅಜ್ಜಿಗೆ ಕನ್ನಡಕ ಏರಿಸಿ, ಕೈ ಹಿಡಿದು ಮನೆಗೆ ಕರೆತಂದಳು. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದಳು.

"ಎಷ್ಟು ವರ್ಷದಿಂದ?"

"ನೀನು ರೇಡಿಯೋ ಎತ್ತಿಟ್ಟಾಗಿನಿಂದ."

"ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಸಂಕಟ ಆಗುತ್ತೆ ಅಂತ."

"ನನ್ನ ಗಂಟಲು ಹೋಯ್ತು ಅಂತ ನಿನ್ನ ಕಿವಿನೂ ನಾನು ಕಿತ್ಕೊಂಡುಬಿಟ್ಟೆನಾ ಅಜ್ಜಿ?"

ಅಜ್ಜಿಗೆ ಇಷ್ಟು ವರ್ಷ ನುಂಗಿಕೊಂಡಿದ್ದ ಮಾತೇ ಬಾಯಿಗೆ ಬಂತು. "ಅವತ್ತು ಆಸ್ಪತ್ರೆಗೆ ನಡಿ ಅಂದೋಳು ನಾನು ಕಣೇ. ಹಾಡು ಎಲ್ಲಿಗೆ ಹೋಗುತ್ತೆ ಅಂದೆ. ಹೋಯ್ತು. ಆಮೇಲೆ ನಿನ್ನೆದುರು ಕೂತು ಯಾವ ಮುಖ ಇಟ್ಕೊಂಡು ಹಾಡು ಕೇಳಲಿ?"

ಕಡ್ಡಿ ಆ ಮಾತನ್ನು ಅಲ್ಲಗಳೆಯಲಿಲ್ಲ. ನಿನ್ನ ತಪ್ಪೇನಿದೆ ಎಂದು ಸಮಾಧಾನ ಹೇಳಲೂ ಇಲ್ಲ. "ನಾನೂ ಹಾಗಂತ ಅಂದ್ಕೊಂಡಿದ್ದೆ, ಮೊದಮೊದಲು" ಎಂದಳು. "ಈಗ ಅಂದ್ಕೊಳ್ಳಲ್ಲ." ಅಜ್ಜಿ ತಲೆಯಾಡಿಸಿದಳು. ಮೊದಲನೆಯ ಮಾತು ಚುಚ್ಚಿತು. ಎರಡನೆಯದು ಬರಲು ಇಷ್ಟು ಕಾಲ ಬೇಕಾಯಿತಲ್ಲ ಎಂಬುದು ಇನ್ನೂ ಆಳಕ್ಕಿಳಿಯಿತು. ಅಷ್ಟಾದರೂ, ಹೇಳಿದಳಲ್ಲ ಎಂದು ಅಳು ಬಂತು. ಇಬ್ಬರೂ ಅತ್ತರು. ಕಡ್ಡಿಯ ಅಳುವಿಗೆ ಸದ್ದು ಕೂಡ ಸರಿಯಾಗಿ ಬರುತ್ತಿರಲಿಲ್ಲ.

ರೇಡಿಯೋ ಕಪಾಟಿನಿಂದ ಹೊರಗೆ ಬಂತು. ಕಂಬಳಿಯ ನೂಲು ಅಂಟಿಕೊಂಡಿತ್ತು, ಒರೆಸಿ ಹಾಕಿದರೆ ನಡೆಯಿತು. ಕಡ್ಡಿ ಅಜ್ಜಿಯ ಪಕ್ಕ ಕೂತು ಕೇಳಲು ಯತ್ನಿಸುವಳು. ಕೆಲವು ದಿನ ಕೂರುವಳು, ಕೆಲವು ದಿನ ನಡುವೆ ಎದ್ದು ಹೋಗಿ ಮುಖ ತೊಳೆದುಕೊಳ್ಳುವಳು. ಅಜ್ಜಿ ಆರಿಸಲು ಕೈ ಚಾಚಿದರೆ, "ಇರಲಿ ಬಿಡು" ಎಂದು ಬಚ್ಚಲಿನಿಂದಲೇ ಹೇಳುವಳು.

ಅಂಥ ಒಂದು ಸಂಜೆ ಮಗಳು ಇನ್ನೂ ಪಾಳಿ ಮುಗಿಸಿ ಬಂದಿರಲಿಲ್ಲ. ಗಾಳಿ ಅಂಗಿ ಹೊತ್ತೊಯ್ದ ಹಾಡನ್ನು ಯಾರೋ ಹೊಸಬರು ಹಾಡಿದರು. ಚೆನ್ನಾಗಿಯೇ ಹಾಡಿದರು. ಕಡ್ಡಿ ಎದ್ದು ಹೋಗಲಿಲ್ಲ. ಮುಗಿದ ಮೇಲೆ ರೇಡಿಯೋದ ದನಿ ತಗ್ಗಿಸಿ ಕೇಳಿದಳು.

"ನಾನು ಇದನ್ನ ಹೇಗೆ ಹಾಡ್ತಿದ್ದೆ ಅಜ್ಜಿ?"

"ಅಂದ್ರೆ?"

"ನನಗೇ ಮರೆತು ಹೋಗ್ತಿದೆ. ನೆನಪು ಮಾಡ್ಕೊಂಡ್ರೆ ಈಗಿನ ದನಿನೇ ಬರುತ್ತೆ. ಆಗಿನದು ಸಿಗಲ್ಲ. ಆ ಕ್ಯಾಸೆಟ್ ಒಂದು ಇದ್ದಿದ್ರೆ…" ಅವಳು ಮಾತು ಅಲ್ಲಿಗೇ ಬಿಟ್ಟಳು. ಮತ್ತೆ, "ಅಮ್ಮನ್ನ ಕೇಳ್ದೆ. ಚೆನ್ನಾಗಿತ್ತು ಪುಟ್ಟಾ ಅಂತಾಳೆ. ಅಷ್ಟೇ. ಮೇಡಂ ತೀರಿಕೊಂಡ್ರು. ನಿನಗೆ ಗೊತ್ತಿರುತ್ತೆ" ಎಂದಳು.

ಅಜ್ಜಿಗೆ ಗೊತ್ತಿತ್ತು. ಚಾಚೂ ತಪ್ಪದೆ ಗೊತ್ತಿತ್ತು. 'ಕೊಡು' ಎನ್ನುವಲ್ಲಿ ಉಳಿದವರು ಏರಿದ ಕೂಡಲೇ ಇಳಿಯಲು ಆತುರಪಡುತ್ತಾರೆ. ಕಡ್ಡಿ ಆತುರಪಡುತ್ತಿರಲಿಲ್ಲ. ಗಾಳಿ ಮನಸ್ಸು ಬದಲಿಸೀತೇನೋ ಎಂದು ಕಾಯುವವಳ ಹಾಗೆ ಮೇಲೆಯೇ ನಿಲ್ಲುವಳು, ಸಿಗುವುದಿಲ್ಲ ಎಂದು ತಿಳಿದ ಮೇಲೆ ಇಳಿಯುವಳು. ಆ ನಿಂತ ದನಿ ಅಜ್ಜಿಯ ಕಿವಿಯಲ್ಲಿ ಈಗಲೂ ನಿಂತೇ ಇತ್ತು. ಅದನ್ನು ಮಾತಿನಲ್ಲಿ ಹೇಳಲು ಹೊರಟಳು. ತೆಳ್ಳಗಿತ್ತು ಎಂದಳು. ಅಲ್ಲ, ತೆಳ್ಳಗಲ್ಲ, ಹಳೆಯ ಹತ್ತಿಬಟ್ಟೆ ಒಗೆದು ಒಗೆದು ಮೆತ್ತಗಾಗಿರುತ್ತಲ್ಲ ಹಾಗೆ ಎಂದಳು. ಕಡ್ಡಿ ಆಸೆಯಿಂದ ಅವಳ ಬಾಯನ್ನೇ ನೋಡುತ್ತಿದ್ದಳು. ಬಟ್ಟೆಯ ಮಾತಿನಿಂದ ದನಿ ಮೂಡಲಿಲ್ಲ.

"ಹಾಡಿ ತೋರಿಸು" ಎಂದಳು ಕಡ್ಡಿ.

"ನಾನಾ? ನನ್ನ ಗಂಟಲು ನಿನಗೆ ಗೊತ್ತಿಲ್ವಾ?"

"ಗೊತ್ತು. ಆದರೂ ಹಾಡು. ಬೇರೆ ಯಾರ ಹತ್ರನೂ ಇಲ್ಲ ಅಜ್ಜಿ ಅದು."

ಅಜ್ಜಿ ಶಾಲು ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ಹಾಡಿದಳು. ಏರಬೇಕಾದಲ್ಲಿ ಏರಲಿಲ್ಲ. ಕಡ್ಡಿ ಕೈ ಎತ್ತಿ ಮೇಲೆ ಮೇಲೆ ಎಂದು ಸನ್ನೆ ಮಾಡಿದಳು. ಅಜ್ಜಿ ಇನ್ನೊಮ್ಮೆ ಹಾಡಿದಳು, ಈ ಸಲ ತೀರಾ ಮೇಲೆ ಹೋಗಿ ಕೆಮ್ಮು ಬಂತು. ಕಡ್ಡಿ ನಕ್ಕಳು, ಎಷ್ಟೋ ಕಾಲದ ಮೇಲೆ. ಅಜ್ಜಿಯೂ ನಕ್ಕಳು. ಆದರೆ ಕಿವಿಯಿಂದ ಗಂಟಲಿಗೆ ಇರುವುದು ಗೇಣು ದೂರ. ಅಷ್ಟು ದೂರ ಅದನ್ನು ತರಲು ಆಗುತ್ತಿಲ್ಲ. ತಾನು ಕಣ್ಣು ಮುಚ್ಚಿದ ದಿನ ಅದೂ ಮುಚ್ಚಿಹೋಗುತ್ತದೆ.

ಅಂದಿನಿಂದ ಸಂಜೆ ಸಂಜೆ ಅದೇ ಕೆಲಸವಾಯಿತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅಜ್ಜಿ ಒಬ್ಬಳೇ ಸಾಧನೆ ಮಾಡತೊಡಗಿದಳು. ಬೀದಿಯ ಮಕ್ಕಳು ಕಿಟಕಿಯ ಕೆಳಗೆ ನಿಂತು ಅಣಕಿಸಿದರೆ, "ಇನ್ನೂ ಚೆನ್ನಾಗಿ ಅಣಕಿಸ್ರೋ, ನಾನೂ ಕಲೀತೀನಿ" ಎನ್ನುವಳು. ಚಳಿ ಬಂತು, ಎದೆಯಲ್ಲಿ ಕಫ ಕಟ್ಟಿತು, ಡಾಕ್ಟರ್ ಮಾತು ಕಡಿಮೆ ಮಾಡಿ ಎಂದರು. ಮಾತು ಕಡಿಮೆ ಮಾಡಿದಳು. ಹಾಡು ಬಿಡಲಿಲ್ಲ. ಮಗಳು, "ಅಮ್ಮಾ, ಈ ವಯಸ್ಸಲ್ಲಿ ಇದೇನು?" ಎಂದು ಬೇಡಿಕೊಂಡರೂ ಬಿಡಲಿಲ್ಲ.

ಚಳಿ ಇಳಿಯುತ್ತಿದ್ದ ಒಂದು ಸಂಜೆ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಅಜ್ಜಿ ಹಾಡಿದಳು. ಕಡ್ಡಿ ಮಂಚದ ತುದಿಯಲ್ಲಿ ಕೂತಿದ್ದಳು, ಕೈ ಎತ್ತಿ ಸನ್ನೆ ಮಾಡಲು ಸಿದ್ಧವಾಗಿ. 'ಕೊಡು' ಬಂತು. ಅಜ್ಜಿ ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಅಲ್ಲಿ ನಿಂತಳು, ನಿಂತು ಇಳಿದಳು.

ಕಡ್ಡಿಯ ಕೈ ಮೇಲೇಳಲಿಲ್ಲ. ಅವಳ ಕಣ್ಣು ತುಂಬಿತ್ತು.

"ಹೌದು ಅಜ್ಜಿ" ಎಂದಳು. "ಹೀಗೇ ಇತ್ತು. ಈಗ ನೆನಪಾಯ್ತು."

ಅಜ್ಜಿ ದಿಂಬಿಗೆ ತಲೆ ಆನಿಸಿದಳು. ಹೀಗಿರಲಿಲ್ಲ. ತಾನು ನಿಂತದ್ದು ಕೆಳಗಿನ ಮೆಟ್ಟಿಲಲ್ಲಿ, ಅದೂ ನಡುಗುತ್ತ. ಅವಳ ಕಿವಿಗೆ ಅದು ಸ್ಪಷ್ಟವಾಗಿ ಕೇಳಿತ್ತು. ಹಾಗಾದರೆ ಹುಡುಗಿ ಯಾಕೆ ಹೀಗಂದಳು? ಮುದುಕಿ ದಣಿದಿದ್ದಾಳೆ, ಸಾಕು ಮಾಡಲಿ ಎಂಬ ಕರುಣೆಗೋ? ಅಥವಾ ನಿಜವಾಗಿ ಅವಳಿಗೆ ಪೂರಾ ಮರೆತುಹೋಗಿ, ಅಜ್ಜಿಯ ಈ ತಪ್ಪು ಸ್ವರವೇ ಅವಳ ದನಿಯ ಜಾಗದಲ್ಲಿ ಬಂದು ಕೂತಿತೋ? ಕೇಳಿದರೆ ಗೊತ್ತಾಗುತ್ತಿತ್ತು. ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಕಡ್ಡಿ ಅವಳ ಕಾಲ ಮೇಲೆ ಕಂಬಳಿ ಸರಿಪಡಿಸಿದಳು. "ಸುಸ್ತಾಗಿದ್ರೆ ಬೇಡ. ಇಲ್ಲಾಂದ್ರೆ ಇನ್ನೊಂದು ಸಲ ಹಾಡ್ತೀಯಾ?" ಎಂದಳು.

"ನೀರು ಕೊಡು, ಹಾಡ್ತೀನಿ" ಎಂದಳು ಅಜ್ಜಿ.